ಸಂಬಳ ಎಷ್ಟು ಬೇಕು ಅಂತ ಕೇಳಿದಾಗ: ಅರ್ಜಿಯಿಂದ ಆಫರ್ ಲೆಟರ್‌ವರೆಗೆ ಒಂದು ಸಮಗ್ರ ಮಾರ್ಗದರ್ಶಿ

"ನಿಮ್ಮ ಎಕ್ಸ್‌ಪೆಕ್ಟೇಶನ್ ಎಷ್ಟು?" ಅಂತ ಎಚ್‌ಆರ್ ಕೇಳಿದಾಗ ನಾನು ಮೊದಲ ಸಲ ಕೊಟ್ಟ ಉತ್ತರ ಇವತ್ತಿಗೂ ನೆನಪಿದೆ. "ಈಗ ಬರ್ತಾ ಇರೋದಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟರೆ ಸಾಕು" ಅಂದಿದ್ದೆ. ಅವರು ಎರಡನೇ ಮಾತಿಲ್ಲದೆ ಒಪ್ಪಿಕೊಂಡರು. ಸೇರಿ ಮೂರು ತಿಂಗಳಾದ ಮೇಲೆ ಗೊತ್ತಾಯಿತು, ಆ ಹುದ್ದೆಗೆ ಅವರು ತೆಗೆದಿಟ್ಟಿದ್ದ ಹಣ ನಾನು ಒಪ್ಪಿದ್ದಕ್ಕಿಂತ ಕಾಲು ಭಾಗ ಜಾಸ್ತಿ ಇತ್ತು. ಯಾರೂ ನನಗೆ ಮೋಸ ಮಾಡಿರಲಿಲ್ಲ. ನಾನು ಕೇಳಿರಲಿಲ್ಲ, ಅಷ್ಟೇ.

ನನ್ನ ತಪ್ಪು ಏನು ಅಂತ ಆಮೇಲೆ ಅರ್ಥವಾಯಿತು. ಹೊಸ ಕೆಲಸದ ಬೆಲೆಯನ್ನು ಹಳೆಯ ಸಂಬಳದಿಂದ ಅಳೆದಿದ್ದೆ. ಆ ಎರಡಕ್ಕೂ ಸಂಬಂಧವೇ ಇಲ್ಲ. ಹೊಸ ಹುದ್ದೆಗೆ ಅದರದೇ ಕೆಲಸ, ಅದರದೇ ಹೊಣೆ, ಅದರದೇ ಬೆಲೆ ಇರುತ್ತದೆ. ಹಿಂದಿನವರು ನನಗೆ ಕಡಿಮೆ ಕೊಡುತ್ತಿದ್ದರು ಅನ್ನೋದು ಮುಂದಿನವರೂ ಕಡಿಮೆ ಕೊಡೋದಕ್ಕೆ ಕಾರಣ ಆಗಬಾರದು.

ಈ ಮಾತು ನಡೆಯುವುದು ಐದೋ ಹತ್ತೋ ನಿಮಿಷ. ಆದರೆ ಲೆಕ್ಕ ಹಾಕಿ ನೋಡಿ. ಒಬ್ಬರು ವರ್ಷಕ್ಕೆ 100ಕ್ಕೆ ಸೇರುತ್ತಾರೆ, ಇನ್ನೊಬ್ಬರು ಮಾತಾಡಿ 108ಕ್ಕೆ ಸೇರುತ್ತಾರೆ ಅಂದುಕೊಳ್ಳಿ. ಇಬ್ಬರಿಗೂ ಪ್ರತಿ ವರ್ಷ ಶೇಕಡಾ 6 ಹೆಚ್ಚಳ. ಹತ್ತು ವರ್ಷದಲ್ಲಿ ಇಬ್ಬರ ನಡುವಿನ ಒಟ್ಟು ವ್ಯತ್ಯಾಸ 105 ದಾಟುತ್ತದೆ. ಅಂದರೆ ಮೊದಲಿನವರ ಮೊದಲ ವರ್ಷದ ಇಡೀ ಸಂಬಳಕ್ಕಿಂತ ಜಾಸ್ತಿ. ಹಾಗಾಗಿ ಸಂಕೋಚ ಬಿಟ್ಟು ಇದಕ್ಕೆ ತಯಾರಿ ಮಾಡಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಹೆಜ್ಜೆ 1: ಮೂರು ಸಂಖ್ಯೆ ಬರೆದಿಟ್ಟುಕೊಳ್ಳಿ

ಅರ್ಜಿ ಕಳಿಸುವ ಮೊದಲೇ ಒಂದು ಹಾಳೆ ತೆಗೆದುಕೊಳ್ಳಿ. ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಲದು, ಬರೆಯಲೇಬೇಕು. ಮನಸ್ಸಿನಲ್ಲಿರುವ ಸಂಖ್ಯೆ ಫೋನ್ ಬಂದ ತಕ್ಷಣ ಕರಗುತ್ತದೆ.

ಮೊದಲನೆಯದು ಕೆಳಗಿನ ಮಿತಿ. ಇದಕ್ಕಿಂತ ಒಂದು ಪೈಸೆ ಕಡಿಮೆ ಆದರೂ ಈ ಕೆಲಸ ಬೇಡ ಅನ್ನುವ ಸಂಖ್ಯೆ. ಎರಡನೆಯದು ಗುರಿ. ಈ ಕೆಲಸಕ್ಕೆ ಮಾರುಕಟ್ಟೆಯಲ್ಲಿ ನ್ಯಾಯವಾಗಿ ಸಿಗಬೇಕಾದದ್ದು. ಮೂರನೆಯದು ನಿಮ್ಮ ಬಾಯಿಂದ ಮೊದಲು ಬರುವ ಸಂಖ್ಯೆ. ಅದು ಗುರಿಗಿಂತ ಸ್ವಲ್ಪ ಮೇಲಿರಲಿ. ಎಷ್ಟು ಮೇಲೆ? ನನ್ನ ಪ್ರಕಾರ ಕಾರಣ ಕೊಟ್ಟು ಸಮರ್ಥಿಸಿಕೊಳ್ಳಲು ಆಗುವಷ್ಟು ಮಾತ್ರ. ಸಾಮಾನ್ಯವಾಗಿ ಗುರಿಗಿಂತ ಶೇಕಡಾ 5ರಿಂದ 15.

ಈ ಬರಹದ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಮಿತಿ 58 ಸಾವಿರ, ಗುರಿ 65, ಮೊದಲು ಹೇಳುವುದು 70. ಎಲ್ಲವೂ ತಿಂಗಳಿಗೆ, ತೆರಿಗೆ ಕಡಿತಕ್ಕೆ ಮುಂಚೆ, ಖಚಿತವಾಗಿ ಬರುವ ಹಣ.

ಮೂರರಲ್ಲಿ ಕಷ್ಟದ್ದು ಕೆಳಗಿನ ಮಿತಿ. ಸುಮ್ನೆ ಒಂದು ಅಂದಾಜು ಬರೆದುಬಿಡಬೇಡಿ. ಈಗಿನ ಕೆಲಸ ಬಿಟ್ಟರೆ ಏನೇನು ಹೋಗುತ್ತದೆ ಅಂತ ಕೂಡಿಸಿ. ಎರಡು ತಿಂಗಳಲ್ಲಿ ಬರಬೇಕಿದ್ದ ಬೋನಸ್, ಕಂಪನಿ ಕಟ್ಟುತ್ತಿದ್ದ ವಿಮೆ, ಇನ್ನೂ ಕೈಗೆ ಬಾರದ ಷೇರು, ನೋಟಿಸ್ ಪೀರಿಯಡ್ ಪೂರ್ತಿ ಮಾಡದಿದ್ದರೆ ಕಟ್ಟಬೇಕಾದ ಹಣ. ಹೊಸ ಕಡೆ ಏನು ಖರ್ಚು ಹೆಚ್ಚುತ್ತದೆ ಅಂತಲೂ ನೋಡಿ. ಮನೆ ಬದಲಿಸಬೇಕಾ? ದಿನಕ್ಕೆ ಒಂದೂವರೆ ಗಂಟೆ ಜಾಸ್ತಿ ಓಡಾಟವಾ? ಇದೆಲ್ಲ ಸೇರಿದರೇ ನಿಜವಾದ ಮಿತಿ.

ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ಈ ಕೆಲಸ ಸಿಗದೇ ಹೋದರೆ ನನ್ನ ಮುಂದೆ ಇರುವ ಒಳ್ಳೆಯ ದಾರಿ ಯಾವುದು? ಮಾತುಕತೆ ಹೇಗೆ ನಡೆಸಬೇಕು ಅನ್ನುವ ಬಗ್ಗೆ ಪುಸ್ತಕ ಬರೆದ ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ 1981ರಲ್ಲಿ ಇದಕ್ಕೆ 'ಬಾಟ್ನಾ' ಅಂತ ಹೆಸರಿಟ್ಟರು. ಯಾವ ಮಾತುಕತೆಯಲ್ಲೂ ನಿಮ್ಮ ಬಲ ಬರುವುದು ಅಲ್ಲಿಂದ. ಕೈಯಲ್ಲಿ ನೆಮ್ಮದಿಯ ಕೆಲಸ ಇದ್ದರೆ ಮಿತಿ ಮೇಲಿರುತ್ತದೆ. ಆರು ತಿಂಗಳಿಂದ ಕೆಲಸ ಇಲ್ಲದಿದ್ದರೆ ಕೆಳಗಿರುತ್ತದೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಗಮನಿಸಿ, ಕೆಲಸ ಇಲ್ಲ ಅಂದರೆ ಇಳಿಯುವುದು ಮಿತಿ ಮಾತ್ರ. ಗುರಿ ಇಳಿಯುವುದಿಲ್ಲ. ಹುದ್ದೆಯ ಬೆಲೆ ನಿಮ್ಮ ಕಷ್ಟ ನೋಡಿ ಕಡಿಮೆ ಆಗುವುದಿಲ್ಲ ಅಲ್ವಾ?

ಹೆಜ್ಜೆ 2: ಹುದ್ದೆಯ ಬೆಲೆ ಪತ್ತೆ ಮಾಡಿ

ಗುರಿ ಎಲ್ಲಿಂದ ಬರುತ್ತದೆ? ಮೂರು ಕಡೆಯಿಂದ.

ಒಂದು, ಕೆಲಸದ ಜಾಹೀರಾತುಗಳು. ಅದೇ ಹೆಸರಿನ, ಅದೇ ಅನುಭವ ಕೇಳುವ ಹತ್ತು ಹದಿನೈದು ಜಾಹೀರಾತು ತೆರೆದು ನೋಡಿ. ಕೆಲವು ಕಡೆ ಸಂಬಳದ ಮಟ್ಟ ಬರೆಯಲೇಬೇಕು ಅಂತ ಕಾನೂನಿದೆ. ಅಮೆರಿಕದ ಕೊಲೊರಾಡೊದಲ್ಲಿ 2021ರಿಂದ, ನ್ಯೂಯಾರ್ಕ್ ನಗರದಲ್ಲಿ 2022ರ ನವೆಂಬರ್‌ನಿಂದ, ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಇದು ಜಾರಿಯಲ್ಲಿದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ, ಜಾಹೀರಾತಿನಲ್ಲೋ ಸಂದರ್ಶನಕ್ಕೆ ಮುಂಚೆಯೋ ಸಂಬಳದ ಮಟ್ಟ ತಿಳಿಸಬೇಕು ಅನ್ನುವ ನಿಯಮ ತಂದು, ಅದನ್ನು ಅಳವಡಿಸಿಕೊಳ್ಳಲು ಸದಸ್ಯ ದೇಶಗಳಿಗೆ 2026ರ ಜೂನ್‌ವರೆಗೆ ಗಡುವು ಕೊಟ್ಟಿತು. ಹಲವು ದೇಶಗಳಲ್ಲಿ ಕಚೇರಿ ಇರುವ ಕಂಪನಿಯಾದರೆ ಅಲ್ಲಿನ ಜಾಹೀರಾತನ್ನೂ ನೋಡಿ. ದೇಶದಿಂದ ದೇಶಕ್ಕೆ ಸಂಬಳ ಬೇರೆ ಇರುತ್ತದೆ, ನಿಜ. ಆದರೆ ಒಂದು ಹುದ್ದೆಗೂ ಅದರ ಮೇಲಿನ ಹುದ್ದೆಗೂ ಅವರು ಎಷ್ಟು ಅಂತರ ಇಡುತ್ತಾರೆ ಅನ್ನುವುದು ಗೊತ್ತಾಗುತ್ತದೆ.

ಎರಡು, ಗ್ಲಾಸ್‌ಡೋರ್, ಲಿಂಕ್ಡ್‌ಇನ್‌ನಂಥ ತಾಣಗಳು. ಇಲ್ಲಿನ ಅಂಕಿಗಳನ್ನು ಜನ ತಾವೇ ಹಾಕಿರುತ್ತಾರೆ. ಹಳೆಯದೂ ಇರುತ್ತದೆ, ಬೋನಸ್ ಸೇರಿಸಿದ್ದೂ ಇರುತ್ತದೆ, ಸೇರಿಸದ್ದೂ ಇರುತ್ತದೆ. ದಿಕ್ಕು ನೋಡುವುದಕ್ಕೆ ಸಾಕು, ಪಟ್ಟು ಹಿಡಿಯುವುದಕ್ಕೆ ಸಾಲದು.

ಮೂರನೆಯದೇ ನನಗೆ ಹೆಚ್ಚು ನಂಬಿಕೆ ಇರುವ ದಾರಿ: ಅದೇ ಕೆಲಸದಲ್ಲಿ ಇರುವವರನ್ನು ಕೇಳುವುದು. ಕೇಳುವ ರೀತಿ ಮಾತ್ರ ಮುಖ್ಯ. "ನಿಮಗೆ ಸಂಬಳ ಎಷ್ಟು?" ಅಂದರೆ ಯಾರೂ ಹೇಳುವುದಿಲ್ಲ, ಹೇಳಬೇಕು ಅಂತಲೂ ಇಲ್ಲ. ಹೀಗೆ ಕೇಳಿ: "ಈ ಥರದ ಹುದ್ದೆಗೆ ಅರ್ಜಿ ಹಾಕ್ತಾ ಇದ್ದೀನಿ. 60ರಿಂದ 70 ಸಾವಿರ ಕೇಳಬಹುದು ಅಂದುಕೊಂಡಿದ್ದೀನಿ. ನಿಮ್ಮ ಅನುಭವದಲ್ಲಿ ಇದು ಸರಿ ಇದೆಯಾ, ಜಾಸ್ತಿ ಆಯಿತಾ?" ಆಗ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ತಮ್ಮ ಸಂಬಳ ಹೇಳದೆಯೇ "ಕಡಿಮೆ ಆಯಿತು, 75 ಕೇಳು" ಅನ್ನುತ್ತಾರೆ. ಇಂಥ ಮೂರು ನಾಲ್ಕು ಮಾತು ನೂರು ಅನಾಮಧೇಯ ಅಂಕಿಗಿಂತ ಮೇಲು. ಗಂಡಸರನ್ನೂ ಹೆಂಗಸರನ್ನೂ ಕೇಳಿ. ಒಂದೇ ಗುಂಪಿನವರನ್ನು ಕೇಳಿದರೆ ಒಂದೇ ಉತ್ತರ ಬರುತ್ತದೆ.

ಹೆಜ್ಜೆ 3: ಅರ್ಜಿಯ ಆ ಖಾಲಿ ಚೌಕ

ಆನ್‌ಲೈನ್ ಅರ್ಜಿಯಲ್ಲಿ 'ನಿರೀಕ್ಷಿತ ಸಂಬಳ' ಅಂತ ಒಂದು ಚೌಕ ಇರುತ್ತದೆ. ಬಿಡಬಹುದಾದರೆ ಖಾಲಿ ಬಿಡಿ. ಅಕ್ಷರ ತೆಗೆದುಕೊಳ್ಳುತ್ತದೆ ಅಂದರೆ "ಜವಾಬ್ದಾರಿ ಪೂರ್ತಿ ತಿಳಿದ ಮೇಲೆ ಮಾತಾಡೋಣ" ಅಂತ ಬರೆಯಿರಿ. ಅಂಕಿಯೇ ಬೇಕು ಅಂದರೆ ಗುರಿಯನ್ನೋ ಮೊದಲ ಮಾತಿನ ಸಂಖ್ಯೆಯನ್ನೋ ಹಾಕಿ. ಕೆಳಗಿನ ಮಿತಿಯನ್ನು ಎಲ್ಲೂ ಬರೆಯಬೇಡಿ. ಕೇಳುತ್ತಿರುವುದು ತಿಂಗಳ ಲೆಕ್ಕವೋ ವರ್ಷದ ಲೆಕ್ಕವೋ ಅಂತ ಎರಡು ಸಲ ನೋಡಿ. ತಿಂಗಳ ಸಂಬಳವನ್ನು ವರ್ಷದ ಚೌಕದಲ್ಲಿ ಬರೆದು ತಿರಸ್ಕಾರವಾದ ಅರ್ಜಿಗಳನ್ನು ನಾನು ಕಂಡಿದ್ದೇನೆ.

ಹೆಜ್ಜೆ 4: ಮೊದಲ ಫೋನ್

ಇಲ್ಲಿ ನಿಧಾನವಾಗಿ ಹೋಗೋಣ. ಹೆಚ್ಚಿನವರು ಸೋಲುವುದು ಇಲ್ಲೇ.

ಫೋನ್ ಹೆಚ್ಚಾಗಿ ಬೇರೆ ಏನೋ ಕೆಲಸದ ನಡುವೆ ಬರುತ್ತದೆ. "ಹತ್ತು ನಿಮಿಷ ಬಿಟ್ಟು ನಾನೇ ಮಾಡಲಾ?" ಅಂತ ಕೇಳಿ. ಯಾರೂ ಬೇಡ ಅನ್ನುವುದಿಲ್ಲ. ಆ ಹಾಳೆ ಎದುರಿಗೆ ಇಟ್ಟುಕೊಂಡು ಕೂತು ಮಾತಾಡಿ. ಮಾತು ಸುಮಾರಾಗಿ ಹೀಗೆ ನಡೆಯುತ್ತದೆ:

"ನಿಮ್ಮ ಸ್ಯಾಲರಿ ಎಕ್ಸ್‌ಪೆಕ್ಟೇಶನ್ ಎಷ್ಟಿದೆ?"

"ಮಾತಾಡೋಣ ಮೇಡಂ, ತೊಂದರೆ ಇಲ್ಲ. ಈ ಹುದ್ದೆಗೆ ಎಷ್ಟರಿಂದ ಎಷ್ಟರವರೆಗೆ ಬಜೆಟ್ ಇದೆ ಅಂತ ನೀವು ಹೇಳಿದರೆ ಇಬ್ಬರಿಗೂ ಅನುಕೂಲ."

"ಅದು ಕ್ಯಾಂಡಿಡೇಟ್ ನೋಡಿ ನಿರ್ಧಾರ ಆಗುತ್ತೆ. ನೀವೇ ಹೇಳಿ."

"ಸರಿ. ಎಂಟು ಜನರ ತಂಡ ನೋಡಿಕೊಳ್ಳಬೇಕು ಅಂದಿರಲ್ಲ, ಆ ಜವಾಬ್ದಾರಿಗೆ ತಿಂಗಳಿಗೆ ಫಿಕ್ಸೆಡ್ 70 ಸಾವಿರದ ಆಸುಪಾಸು ನೋಡ್ತಾ ಇದ್ದೀನಿ. ನಿಮ್ಮ ಬಜೆಟ್‌ಗೆ ಇದು ಹತ್ತಿರ ಇದೆಯಾ?"

ಒಂದು ಸಲ ಅವರ ಬಜೆಟ್ ಕೇಳಿ, ಹೇಳದಿದ್ದರೆ ಎರಡನೇ ಸಲಕ್ಕೆ ನೀವೇ ಹೇಳಿ. ಮೂರನೇ ಸಲವೂ ಎಳೆದಾಡಿದರೆ ಮಾತು ಕೆಡುತ್ತದೆ. ಸಂಖ್ಯೆಗೆ ಹುದ್ದೆಯ ಜವಾಬ್ದಾರಿಯನ್ನು ಕಟ್ಟಿ, ಹಳೆಯ ಸಂಬಳವನ್ನಲ್ಲ. 'ಫಿಕ್ಸೆಡ್', ಅಂದರೆ ಖಚಿತವಾಗಿ ಬರುವ ಭಾಗ, ಅನ್ನುವ ಪದವನ್ನು ಬಿಡಬೇಡಿ. ಕೊನೆಯ ಪ್ರಶ್ನೆಯನ್ನಂತೂ ಮರೆಯಬೇಡಿ. ಅದಕ್ಕೆ ಬರುವ ಉತ್ತರದಲ್ಲಿ, ಕೆಲವೊಮ್ಮೆ ಉತ್ತರಕ್ಕೆ ಮುಂಚಿನ ತಡವರಿಕೆಯಲ್ಲೇ, ಅವರ ಬಜೆಟ್ ಗೊತ್ತಾಗುತ್ತದೆ.

ಮೊದಲು ಯಾರು ಸಂಖ್ಯೆ ಹೇಳಬೇಕು ಅನ್ನುವುದು ಹಳೆಯ ಜಗಳ. 1974ರಲ್ಲಿ ಮನೋವಿಜ್ಞಾನಿಗಳಾದ ಏಮೋಸ್ ಟ್ವರ್‌ಸ್ಕಿ ಮತ್ತು ಡೇನಿಯಲ್ ಕಾನ್‌ಮನ್ ಒಂದು ಪ್ರಯೋಗ ಪ್ರಕಟಿಸಿದರು. ಚಕ್ರ ತಿರುಗಿಸಿದಾಗ ಕೆಲವರ ಎದುರು 10 ಬಂತು, ಕೆಲವರ ಎದುರು 65. ಆಮೇಲೆ ವಿಶ್ವಸಂಸ್ಥೆಯ ಸದಸ್ಯ ದೇಶಗಳಲ್ಲಿ ಆಫ್ರಿಕಾದವು ಶೇಕಡಾ ಎಷ್ಟು ಅಂತ ಕೇಳಿದರು. 10 ನೋಡಿದವರ ಅಂದಾಜುಗಳ ಮಧ್ಯದ ಸಂಖ್ಯೆ 25, 65 ನೋಡಿದವರದು 45. ಚಕ್ರಕ್ಕೂ ಪ್ರಶ್ನೆಗೂ ಸಂಬಂಧವೇ ಇರಲಿಲ್ಲ. ಆದರೂ ಮೊದಲು ಕಂಡ ಸಂಖ್ಯೆ ಅವರ ಮನಸ್ಸನ್ನು ತನ್ನ ಕಡೆಗೆ ಎಳೆದುಕೊಂಡಿತ್ತು. ಸಂಬಳದ ಮಾತಿನಲ್ಲೂ ಹೀಗೇ. ಮೊದಲು ಬಂದ ಸಂಖ್ಯೆಯ ಸುತ್ತಲೇ ಉಳಿದ ಮಾತೆಲ್ಲ ಸುತ್ತುತ್ತದೆ. ಆದ್ದರಿಂದ ಹೆಜ್ಜೆ 2ರ ಮನೆಗೆಲಸ ಚೆನ್ನಾಗಿ ಆಗಿದ್ದರೆ ನೀವೇ ಮೊದಲು ಹೇಳಿ, ಧೈರ್ಯವಾಗಿ. ಆಗಿಲ್ಲ ಅಂದರೆ ಅವರ ಬಾಯಿಂದಲೇ ಬರಲಿ.

'60ರಿಂದ 70' ಅಂತ ಹೇಳಬೇಕು ಅನಿಸಿದರೆ ಎಚ್ಚರ. ನೀವು 70 ಅಂದಿದ್ದು ನಿಮಗೆ ನೆನಪಿರುತ್ತದೆ, ಅವರಿಗೆ ಕೇಳಿಸಿದ್ದು 60. ಹಾಗೆ ಹೇಳಲೇಬೇಕಾದರೆ ಕೆಳತುದಿಯೇ ನಿಮ್ಮ ಗುರಿ ಆಗಿರಲಿ: '65ರಿಂದ 72'.

ಇನ್ನು "ಈಗ ಎಷ್ಟು ಬರ್ತಾ ಇದೆ?" ಅನ್ನುವ ಪ್ರಶ್ನೆ. ಇದನ್ನು ಕೇಳುವುದನ್ನೇ ಕೆಲವು ಕಡೆ ನಿಷೇಧಿಸಿದ್ದಾರೆ. ನ್ಯೂಯಾರ್ಕ್ ನಗರದಲ್ಲಿ 2017ರ ಅಕ್ಟೋಬರ್‌ನಿಂದ, ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಕೇಳುವ ಹಾಗಿಲ್ಲ. ಒಮ್ಮೆ ಕಡಿಮೆ ಸಂಬಳಕ್ಕೆ ಸಿಕ್ಕಿಬಿದ್ದವರು ಜೀವನಪೂರ್ತಿ ಅಲ್ಲೇ ಉಳಿಯಬಾರದು ಅನ್ನುವುದು ಆ ಕಾನೂನುಗಳ ಹಿಂದಿನ ಕಾರಣ. ಅಂಥ ಕಾನೂನು ಇಲ್ಲದ ಕಡೆ ಕೇಳಿಯೇ ಕೇಳುತ್ತಾರೆ. ಆಗ ಹೀಗೆ ಹೇಳಬಹುದು: "ಈಗಿನ ಕೆಲಸವೇ ಬೇರೆ ಥರ ಇದೆ, ಹೋಲಿಸಿದರೆ ಸರಿಯಾಗಲ್ಲ. ಈ ಹುದ್ದೆಗೆ ನನ್ನ ನಿರೀಕ್ಷೆ 70 ಸಾವಿರ." ಮತ್ತೆ ಮತ್ತೆ ಒತ್ತಾಯ ಮಾಡಿದರೆ ಇದ್ದದ್ದನ್ನು ಹೇಳಿ, ಬೋನಸ್ ಮತ್ತು ಉಳಿದ ಸೌಲಭ್ಯ ಎಲ್ಲ ಸೇರಿಸಿ ಹೇಳಿ. ಸುಳ್ಳು ಮಾತ್ರ ಬೇಡವೇ ಬೇಡ. ಪೇ ಸ್ಲಿಪ್ ಕೇಳುತ್ತಾರೆ, ಹಳೆಯ ಕಂಪನಿಗೆ ಫೋನ್ ಮಾಡುತ್ತಾರೆ. ಸಿಕ್ಕಿಬಿದ್ದರೆ ಕೈಗೆ ಬಂದ ಆಫರ್ ಹೋಗುತ್ತದೆ, ಹೆಸರೂ ಹೋಗುತ್ತದೆ.

ಹೆಜ್ಜೆ 5: ಆಫರ್ ಬಂತು, ತಕ್ಷಣ ಹೂಂ ಅನ್ನಬೇಡಿ

ನಿಮ್ಮ ಕೈ ಅತ್ಯಂತ ಮೇಲಿರುವ ಸಮಯ ಇದು. ಅವರು ಹತ್ತಾರು ಜನರನ್ನು ನೋಡಿ, ನಿಮ್ಮನ್ನು ಆರಿಸಿ, ಮೇಲಿನವರ ಒಪ್ಪಿಗೆ ತಂದಿದ್ದಾರೆ. ಮತ್ತೆ ಮೊದಲಿಂದ ಹುಡುಕುವ ಮನಸ್ಸು ಯಾರಿಗೂ ಇರುವುದಿಲ್ಲ. ಖುಷಿಯನ್ನು ಮುಚ್ಚಿಡಬೇಡಿ, ಧಾರಾಳವಾಗಿ ಧನ್ಯವಾದ ಹೇಳಿ. ಆಮೇಲೆ, "ವಿವರ ಮೇಲ್‌ನಲ್ಲಿ ಕಳಿಸ್ತೀರಾ? ಓದಿ ಎರಡು ದಿನದಲ್ಲಿ ತಿಳಿಸ್ತೀನಿ" ಅನ್ನಿ.

ಮೇಲ್ ಬಂತು. 'ವರ್ಷಕ್ಕೆ 8,40,000' ಅಂತ ದಪ್ಪ ಅಕ್ಷರದಲ್ಲಿದೆ. 12ರಿಂದ ಭಾಗಿಸಿದರೆ ಸರಿಯಾಗಿ 70 ಸಾವಿರ. ಕೇಳಿದ್ದೇ ಸಿಕ್ಕಿತಲ್ಲ ಅಂತ ಕುಣಿದಾಡುವ ಮೊದಲು ಕೆಳಗಿನ ಪಟ್ಟಿ ಓದಿ. ಅದರಲ್ಲಿ ಶೇಕಡಾ 20 ವೇರಿಯಬಲ್ ಅಂತಿದೆ. ಅಂದರೆ 1,68,000 ಬರಲೂಬಹುದು, ಬಾರದೆಯೂ ಇರಬಹುದು. ಖಚಿತವಾಗಿ ಬರುವುದು 6,72,000. ತಿಂಗಳಿಗೆ 56 ಸಾವಿರ. ನಿಮ್ಮ ಕೆಳಗಿನ ಮಿತಿ ಎಷ್ಟಿತ್ತು? 58. ಮೇಲೆ ನೋಡಿದರೆ ಕೇಳಿದಷ್ಟೇ ಕೊಟ್ಟ ಹಾಗೆ ಕಾಣುವ ಆಫರ್ ನಿಜಕ್ಕೂ ನಿಮ್ಮ ಮಿತಿಗಿಂತ ಕೆಳಗಿದೆ.

ವೇರಿಯಬಲ್ ಇದ್ದರೆ ಒಂದು ಪ್ರಶ್ನೆ ಕೇಳಲೇಬೇಕು: "ಕಳೆದ ಎರಡು ಮೂರು ವರ್ಷ ಇದರಲ್ಲಿ ಎಷ್ಟು ಭಾಗ ನಿಜವಾಗಿ ಕೊಟ್ಟಿದ್ದೀರಿ?" ಜಾಯಿನಿಂಗ್ ಬೋನಸ್ ಇದ್ದರೆ, ಎಷ್ಟು ತಿಂಗಳೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಅಂತ ನೋಡಿ. ಷೇರು ಕೊಡುವುದಾದರೆ ಅದು ಯಾವಾಗ ನಿಮ್ಮದಾಗುತ್ತದೆ ಅಂತ ಕೇಳಿ. ನಾಲ್ಕು ವರ್ಷಕ್ಕೆ ಹಂಚಿ, ಮೊದಲ ವರ್ಷ ಮುಗಿಯುವ ಮೊದಲು ಬಿಟ್ಟರೆ ಏನೂ ಇಲ್ಲ ಅನ್ನುವುದು ಸಾಮಾನ್ಯ ಪದ್ಧತಿ. ಪ್ರೊಬೇಷನ್, ನೋಟಿಸ್ ಪೀರಿಯಡ್ ಎಷ್ಟು ಅಂತಲೂ ನೋಡಿಬಿಡಿ.

ಹೆಜ್ಜೆ 6: ಕೇಳಿ, ಆಮೇಲೆ ಸುಮ್ಮನಿರಿ

ಮೇಲ್‌ಗಿಂತ ಫೋನ್ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ದನಿಯಲ್ಲಿ ವಿಶ್ವಾಸವನ್ನು ತೋರಿಸಬಹುದು. ಮೇಲ್‌ನಲ್ಲಿ ಒಂದು ಸಣ್ಣ ವಾಕ್ಯವೂ ಒರಟಾಗಿ ಕಾಣುತ್ತದೆ. ಹೇಳುವ ಕ್ರಮ ಹೀಗಿರಲಿ: ಮೊದಲು ಕೆಲಸದ ಮೇಲಿನ ಆಸೆ, ಆಮೇಲೆ ಸಂಖ್ಯೆ, ಆಮೇಲೆ ಒಂದೋ ಎರಡೋ ಕಾರಣ.

"ಆಫರ್ ನೋಡಿದೆ, ತುಂಬಾ ಖುಷಿಯಾಯಿತು. ಈ ತಂಡಕ್ಕೆ ಸೇರಬೇಕು ಅಂತ ನಿಜವಾಗಿಯೂ ಇದೆ. ಫಿಕ್ಸೆಡ್ ಭಾಗ ಮಾತ್ರ ತಿಂಗಳಿಗೆ 56 ಆಗ್ತಾ ಇದೆ. ಅದನ್ನು 68ಕ್ಕೆ ತರೋಕೆ ಆಗುತ್ತಾ? ಎಂಟು ಜನರ ತಂಡದ ಜೊತೆ ವೆಂಡರ್‌ಗಳ ಕೆಲಸವೂ ಇದೆ ಅಂತ ಇಂಟರ್‌ವ್ಯೂನಲ್ಲಿ ತಿಳೀತು. ಈ ಎರಡೂ ಸೇರಿದ ಹುದ್ದೆಗೆ ಹೊರಗೆ ಇಷ್ಟಿದೆ."

ಇಲ್ಲಿ ನಿಲ್ಲಿಸಿ. ನಿಜವಾಗಿಯೂ ನಿಲ್ಲಿಸಿ. ಆ ಕಡೆಯಿಂದ ನಾಲ್ಕೈದು ಸೆಕೆಂಡ್ ಮಾತೇ ಬರುವುದಿಲ್ಲ. ಕೀಬೋರ್ಡ್ ಸದ್ದು ಕೇಳಿಸಬಹುದು, ಅವರು ಏನೋ ಫೈಲ್ ತೆಗೆದು ನೋಡುತ್ತಿರುತ್ತಾರೆ. ನಿಮಗೆ ಮಾತ್ರ ಅದು ನಾಲ್ಕೈದು ನಿಮಿಷದಂತೆ ಅನಿಸುತ್ತದೆ. ಬಾಯಿ ತಾನಾಗೇ ತೆರೆದುಕೊಂಡು "ಇಲ್ಲ ಅಂದರೆ 62 ಆದರೂ ಪರವಾಗಿಲ್ಲ" ಅಂದುಬಿಡುತ್ತದೆ. ಆ ಒಂದು ವಾಕ್ಯಕ್ಕೆ ತಿಂಗಳಿಗೆ 6 ಸಾವಿರ ಹೋಯಿತು, ಅವರು ಕೇಳದೆಯೇ. ನನ್ನ ಗೆಳೆಯರಿಗೆ ನಾನು ಕೊಡುವ ಉಪಾಯ: ಸಂಖ್ಯೆ ಹೇಳಿದ ಕೂಡಲೇ ನೀರಿನ ಲೋಟ ಬಾಯಿಗಿಟ್ಟುಕೊಳ್ಳಿ. ಮನೆಯವರ ಎದುರು ಇದನ್ನು ಎರಡು ಸಲ ಜೋರಾಗಿ ಹೇಳಿ ಅಭ್ಯಾಸ ಮಾಡಿದರೆ ಇನ್ನೂ ಒಳ್ಳೆಯದು.

ಕಾರಣಗಳಲ್ಲಿ ನಿಮ್ಮ ಸಾಲ, ಬಾಡಿಗೆ, ಮಕ್ಕಳ ಫೀಸು ತರಬೇಡಿ. ಕಷ್ಟ ನಿಜವೇ ಇರಬಹುದು. ಆದರೆ ಅದನ್ನು ಹೇಳಿದರೆ ಎದುರಿನವರಿಗೆ ಅಯ್ಯೋ ಅನಿಸುತ್ತದೆ, ಬಜೆಟ್ ಹೆಚ್ಚಿಸುವುದಕ್ಕೆ ಮೇಲಿನವರಿಗೆ ಹೇಳಲು ಏನೂ ಸಿಗುವುದಿಲ್ಲ. ಎಚ್‌ಆರ್ ನಿಮ್ಮ ಮಾತನ್ನು ಇನ್ನೊಬ್ಬರ ಹತ್ತಿರ ತೆಗೆದುಕೊಂಡು ಹೋಗಿ ವಾದಿಸಬೇಕು. ಅವರ ಕೈಗೆ ಆ ವಾದವನ್ನು ಕೊಡುವುದು ನಿಮ್ಮ ಕೆಲಸ.

ಇರುವ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಹೇಳಿ. ಇವತ್ತು ಸಂಬಳ, ಅದಕ್ಕೆ ಒಪ್ಪಿದ ಮೇಲೆ ನಾಳೆ ರಜೆ, ನಾಡಿದ್ದು ಸೇರುವ ದಿನ ಅಂತ ಒಂದೊಂದೇ ತೆಗೆದರೆ ಯಾರಿಗಾದರೂ ಬೇಸರ ಬರುತ್ತದೆ.

"ಕೇಳಿದರೆ ಆಫರ್ ವಾಪಸ್ ತೆಗೆದುಕೊಂಡರೆ?" ಎಲ್ಲರ ಭಯವೂ ಇದೇ. ಮರ್ಯಾದೆಯಿಂದ, ಕಾರಣ ಕೊಟ್ಟು, ಒಂದು ಸಲ ಕೇಳಿದ್ದಕ್ಕೆ ಆಫರ್ ಹೋಗುವುದು ತೀರಾ ಅಪರೂಪ. ಸಾಮಾನ್ಯವಾಗಿ ಬರುವ ಕೆಟ್ಟ ಉತ್ತರ ಅಂದರೆ "ಇಲ್ಲ, ಇಷ್ಟೇ" ಅನ್ನುವುದು. ಮಾತು ಕೆಡುವುದು ಒಪ್ಪಿಕೊಂಡ ಮೇಲೆ ಮತ್ತೆ ಕೇಳಿದಾಗ, ಇಲ್ಲದ ಇನ್ನೊಂದು ಆಫರ್ ಇದೆ ಅಂದಾಗ. ಬೇರೆ ಆಫರ್ ನಿಜವಾಗಿಯೂ ಇದ್ದರೆ ಹೇಳಿ, ಬೆದರಿಕೆಯ ದನಿ ಬೇಡ.

ಹೆಣ್ಣುಮಕ್ಕಳಿಗೆ ಒಂದು ಮಾತು. ಹನ್ನಾ ರೈಲಿ ಬೌಲ್ಸ್, ಲಿಂಡಾ ಬ್ಯಾಬ್‌ಕಾಕ್ ಮತ್ತು ಲೇ ಲೈ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಸಂಬಳ ಕೇಳಿದ್ದಕ್ಕೆ ಗಂಡಸರಿಗಿಂತ ಹೆಂಗಸರ ಬಗ್ಗೆ ಜನರಿಗೆ ಬೇಸರ ಜಾಸ್ತಿ ಬಂದದ್ದು ಕಂಡಿತು. ಇದು ಅನ್ಯಾಯ. ತಪ್ಪು ಕೇಳಿದವರದಲ್ಲ. ಅದಕ್ಕಾಗಿ ಕೇಳುವುದನ್ನು ಬಿಡಬೇಡಿ. ಹುದ್ದೆಯ ಜವಾಬ್ದಾರಿ, ಮಾರುಕಟ್ಟೆಯ ಅಂಕಿ, ತಂಡಕ್ಕೆ ಆಗುವ ಅನುಕೂಲ, ಇವುಗಳ ಮೇಲೆ ಮಾತನ್ನು ನಿಲ್ಲಿಸಿದರೆ ಎದುರಿನವರಿಗೆ ತಳ್ಳಿಹಾಕುವುದು ಕಷ್ಟವಾಗುತ್ತದೆ.

ಮೊದಲ ಕೆಲಸ ಹುಡುಕುತ್ತಿರುವವರಿಗೆ ಎಷ್ಟೋ ಕಡೆ ಸಂಬಳ ಒಂದೇ ಮಟ್ಟದಲ್ಲಿ ನಿಗದಿಯಾಗಿರುತ್ತದೆ. ಆದರೂ ಒಂದು ಸಲ ನಯವಾಗಿ ಕೇಳಿ: "ಇದರಲ್ಲಿ ಏನಾದರೂ ಹೆಚ್ಚು ಕಡಿಮೆ ಮಾಡೋ ಅವಕಾಶ ಇದೆಯಾ?"

ಹೆಜ್ಜೆ 7: 'ಆಗಲ್ಲ' ಅಂದ ಮೇಲೆ

ನಮ್ಮ ಉದಾಹರಣೆಯಲ್ಲಿ ಎಚ್‌ಆರ್ ವಾಪಸ್ ಫೋನ್ ಮಾಡಿ "ಒಟ್ಟು 8,40,000 ದಾಟೋಕೆ ಆಗಲ್ಲ" ಅಂದರು ಅಂದುಕೊಳ್ಳಿ. ಬಾಗಿಲು ಮುಚ್ಚಿಲ್ಲ. "ಒಟ್ಟು ಹಾಗೇ ಇರಲಿ. ವೇರಿಯಬಲ್ 20ರ ಬದಲು 10 ಮಾಡಬಹುದಾ?" ಅಂತ ಕೇಳಿ. ಆಗ ಖಚಿತವಾದ ಭಾಗ 7,56,000 ಆಗುತ್ತದೆ. ತಿಂಗಳಿಗೆ 63 ಸಾವಿರ. ಕಂಪನಿಯ ಒಟ್ಟು ಬಜೆಟ್ ಒಂದು ಪೈಸೆಯೂ ಮೇಲೆ ಹೋಗಲಿಲ್ಲ, ನಿಮಗೆ ತಿಂಗಳಿಗೆ 7 ಸಾವಿರ ಗಟ್ಟಿಯಾಯಿತು. ಎಲ್ಲಾ ಕಡೆ ಒಪ್ಪುವುದಿಲ್ಲ, ಆದರೆ ಕೇಳಬೇಕು ಅಂತಲೇ ಹೆಚ್ಚಿನವರಿಗೆ ಹೊಳೆಯುವುದಿಲ್ಲ.

ಅದೂ ಆಗಲ್ಲ ಅಂದರೆ ಆರು ತಿಂಗಳಿಗೆ ಸಂಬಳ ಮತ್ತೆ ನೋಡುವ ಮಾತು, ಜಾಯಿನಿಂಗ್ ಬೋನಸ್, ಹೆಚ್ಚಿನ ರಜೆ, ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ, ಹುದ್ದೆಯ ಹೆಸರು, ತರಬೇತಿಯ ಖರ್ಚು ಇವೆಲ್ಲ ಇವೆ. ನಿಮಗೆ ನಿಜವಾಗಿ ಬೇಕಾದ ಒಂದೆರಡನ್ನು ಮಾತ್ರ ಕೇಳಿ. ಮಿತಿಯ ಕೆಳಗೇ ಉಳಿದರೆ ಧನ್ಯವಾದ ಹೇಳಿ ಬಿಟ್ಟುಬಿಡಿ. ಮುಂದಿನ ವರ್ಷ ಅವರೇ ಇನ್ನೊಂದು ಹುದ್ದೆಗೆ ಕರೆಯಬಹುದು.

ಹೆಜ್ಜೆ 8: ಬರಹದಲ್ಲಿ ಬರಲಿ

ಒಪ್ಪಿಗೆ ಆದ ದಿನವೇ ಒಂದು ಮೇಲ್ ಕಳಿಸಿ: "ಇವತ್ತು ಮಾತಾಡಿದ ಪ್ರಕಾರ ಫಿಕ್ಸೆಡ್ ವರ್ಷಕ್ಕೆ 7,56,000, ವೇರಿಯಬಲ್ 84,000, ಆರು ತಿಂಗಳ ನಂತರ ಸಂಬಳದ ಮರುಪರಿಶೀಲನೆ. ಇದರಂತೆ ತಿದ್ದಿದ ಆಫರ್ ಲೆಟರ್ ಕಳಿಸಿದರೆ ಸಹಿ ಮಾಡಿ ಕಳಿಸುತ್ತೇನೆ." ಲೆಟರ್ ಬಂದ ಮೇಲೆ ಈ ಮೇಲ್ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲು ಹೋಲಿಸಿ. ಫೋನ್‌ನಲ್ಲಿ ಒಪ್ಪಿದ ಮರುಪರಿಶೀಲನೆಯ ಸಾಲು ಲೆಟರ್‌ನಲ್ಲಿ ಬಿಟ್ಟುಹೋಗುವುದು ಸಾಮಾನ್ಯ. ಬಿಟ್ಟಿದ್ದರೆ ಸೇರಿಸಲು ಕೇಳಿ. ಕೇಳುವುದಕ್ಕೆ ಇದು ಕೊನೆಯ ಅವಕಾಶ.

ಎರಡೂ ಕಡೆಯ ಸಹಿ ಇರುವ ಪ್ರತಿ ನಿಮ್ಮ ಕೈ ಸೇರುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ರಾಜೀನಾಮೆ ಕೊಟ್ಟ ಮೇಲೆ ಈಗಿನವರು "ನಾವೂ ಅಷ್ಟೇ ಕೊಡ್ತೀವಿ, ಇರಿ" ಅನ್ನಬಹುದು. ಆಗ ಆ ಹಾಳೆಯನ್ನು ಮತ್ತೆ ತೆಗೆಯಿರಿ. ಕೆಲಸ ಬಿಡಬೇಕು ಅನಿಸಿದ್ದಕ್ಕೆ ಸಂಬಳ ಒಂದೇ ಕಾರಣವಾಗಿತ್ತಾ ಅಂತ ನೋಡಿಕೊಂಡು, ಹೂಂ ಅಥವಾ ಉಹೂಂ ಅನ್ನುವುದನ್ನು ಅದೇ ವಾರದಲ್ಲಿ ಇಬ್ಬರಿಗೂ ತಿಳಿಸಿಬಿಡಿ.